ಇಪ್ಪತ್ತೊಂದು ಗೆಲುವು

ಬಣ್ಣದ ಡಬ್ಬ ಯಂತ್ರದ ಹಿಡಿತದಲ್ಲಿ ಗಡಗಡನೆ ಅಲುಗುವ ಮೂರು ನಿಮಿಷ ಲಾಯ್ಡ್ ಹಾನೆಕ್‌ಗೆ ಇಷ್ಟ. ಆ ಸದ್ದಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಗಿರಾಕಿ ಡಬ್ಬವನ್ನು ನೋಡುತ್ತಾನೆ, ಲಾಯ್ಡ್ ಗಿರಾಕಿಯ ಬೂಟು ನೋಡುತ್ತಾನೆ. ಇಂಡಿಯಾನಾದ ಈ ಊರಿನ ಹಾರ್ಡ್‌ವೇರ್ ಅಂಗಡಿಯ ಹಿಂಭಾಗದಲ್ಲಿ, ಬಣ್ಣ ಬೆರೆಸುವ ಕೌಂಟರಿನ ಹಿಂದೆ ನಿಲ್ಲಲು ಶುರುಮಾಡಿ ಅವನಿಗೆ ಹನ್ನೊಂದು ವರ್ಷವಾಗಿತ್ತು. ವಯಸ್ಸು ನಲವತ್ತೊಂಬತ್ತು. ಆ ಶನಿವಾರ ಹತ್ತು ಗಂಟೆಗೆ ಅವನು ಹೊರಡಬೇಕಿತ್ತು. ಇಸ್ತ್ರಿ ಮಾಡಿದ ಕೋಟು ಹಿಂದಿನ ಕೋಣೆಯ ಮೊಳೆಗೆ ತೂಗುತ್ತಿತ್ತು, ಅದರ ಒಳಜೇಬಿನಲ್ಲಿ ಎರಡು ಹಾಳೆ. ಅಷ್ಟರಲ್ಲಿ ಗಂಡಹೆಂಡಿರಿಬ್ಬರು ಬಂದರು. ಹೆಂಗಸು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದ ಗೋಡೆಯ ಚಕ್ಕೆಯನ್ನು ಬಿಚ್ಚಿ, ಅತ್ತೆಯ ಅಡುಗೆಮನೆಯ ಹಳದಿ, ಇದೇ ಬೇಕು, ಒಂಚೂರೂ ಆಚೀಚೆ ಆಗಬಾರದು ಎಂದಳು. ಲಾಯ್ಡ್ ಚಕ್ಕೆಯನ್ನು ಬೆಳಕಿಗೆ ಹಿಡಿದು, ಪುಸ್ತಕ ನೋಡದೆಯೇ, ಬಿಳಿಗೆ ಎಷ್ಟು ಹಳದಿ ಎಷ್ಟು ಕಂದು ಎಂದು ಲೆಕ್ಕ ಹಾಕಿದ. ಇದೊಂದು ಅವನಿಗೆ ಒಲಿದ ಕೆಲಸ, ಯಾರೂ ಹೇಳಿಕೊಡದೆ ಬಂದದ್ದು. ಗಂಡ ಮಾತ್ರ ಬಣ್ಣ ನೋಡುತ್ತಿರಲಿಲ್ಲ. ಲಾಯ್ಡ್‌ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದುತ್ತಿದ್ದ.

"ಹಾನೆಕ್? ಲಾಯ್ಡ್ ಹಾನೆಕ್? ಆ ಬೇಸ್‌ಬಾಲ್ ಪಿಚರ್ ಹಾನೆಕ್ಕಾ ನೀವು?"

"ಹೌದು."

"ಅಯ್ಯೋ, ನೀವು ಹೋಗ್ಬಿಟ್ರಿ ಅಂದ್ಕೊಂಡಿದ್ದೆ."

"ರೀ, ಹಂಗಾ ಮಾತಾಡೋದು?" ಎಂದಳು ಹೆಂಗಸು.

"ನಿಂಗೊತ್ತಿಲ್ಲ ಕಣೇ. ಎಪ್ಪತ್ತೊಂದನೇ ಇಸವೀಲಿ ಇವರು ಎಸೆಯೋ ಚೆಂಡಿನ ಮುಂದೆ ಬ್ಯಾಟ್ ಹಿಡ್ಕೊಂಡು ನಿಲ್ಲೋಕೆ ಗಂಡಸರು ಹೆದರ್ತಿದ್ರು. ಇಪ್ಪತ್ತೊಂದು ಗೆಲುವು, ಅದೂ ಮೊದಲನೇ ವರ್ಷ. ನನ್ ಗೋಡೇಲಿ ಇವರ ಫೋಟೋ ಇತ್ತು." ಆಮೇಲೆ ಲಾಯ್ಡ್‌ನ ಕಡೆ ತಿರುಗಿ, ಸತ್ತವರ ಮನೆಯಲ್ಲಿ ಕೇಳುವ ದನಿಯಲ್ಲಿ, "ಆಮೇಲೇನಾಯ್ತು ನಿಮ್ಗೆ? ತೋಳಾ?" ಎಂದ.

"ತೋಳು," ಎಂದು ಲಾಯ್ಡ್ ಡಬ್ಬದ ಮುಚ್ಚಳ ಬಡಿದ.

ಇಪ್ಪತ್ತಾರು ವರ್ಷಗಳಿಂದ ಅವನು ತೋಳು ಎನ್ನುತ್ತ ಬಂದಿದ್ದ. ಪಾಪ, ಆ ತೋಳಿಗೆ ಏನೂ ಆಗಿರಲಿಲ್ಲ. ಈಗಲೂ ದೊಡ್ಡ ಡಬ್ಬವನ್ನು ಒಂದೇ ಕೈಯಲ್ಲಿ ಎತ್ತಿ ಗಿರಾಕಿಯ ಗಾಡಿಗೆ ಇಟ್ಟು ಬರುತ್ತದೆ. ವೈದ್ಯರು ಮೂರು ಸಲ ಹಿಚುಕಿ, ತಿರುಚಿ, ಫೋಟೋ ತೆಗೆದು ನೋಡಿದ್ದರು; ಮೂರು ಸಲವೂ ಕುದುರೆಯ ತೋಳು ಎಂದಿದ್ದರು. ಒಮ್ಮೆ, ಹೆದ್ದಾರಿ ಬದಿಯ ಒಂದು ಹೋಟೆಲಿನ ಸಭಾಂಗಣದಲ್ಲಿ, ಹಳೆಯ ಆಟಗಾರರ ಚಿತ್ರದ ಚೀಟಿಗಳನ್ನು ಕೊಳ್ಳುವ ಮಾರುವ ಸಂತೆಯಲ್ಲಿ, ಅವನಂಥ ನಾಲ್ವರನ್ನು ಒಂದೇ ಮೇಜಿಗೆ ಕೂರಿಸಿದ್ದರು. ಎಲ್ಲರೂ ಮೊದಲ ವರ್ಷ ಆಕಾಶಕ್ಕೇರಿ ಎರಡನೇ ವರ್ಷದಿಂದ ಇಳಿದವರು. ಮೇಜಿನ ಮುಂದೆ ಯಾರೋ ಅಕ್ಕರೆಯಿಂದಲೇ ಬರೆದು ಅಂಟಿಸಿದ್ದ ರಟ್ಟು: ಒಂದೇ ಬೇಸಿಗೆಯ ವೀರರು. ಒಬ್ಬ ತನ್ನ ಮಂಡಿಯ ಕಥೆ ಹೇಳಿದ. ಇನ್ನೊಬ್ಬ ಕುಡಿತದ್ದು. ಮೂರನೆಯವನು, ಕ್ಲೀವ್‌ಲ್ಯಾಂಡಿನ ಕಡೆಯ ತೆಳ್ಳನೆಯ ಮನುಷ್ಯ, ತನಗೆ ಏನಾಯಿತೋ ಇವತ್ತಿಗೂ ಗೊತ್ತಿಲ್ಲ, ಬೆಳಿಗ್ಗೆ ಎದ್ದಾಗ ಚೆಂಡು ಚಿಕ್ಕದಾಗಿಬಿಟ್ಟಿತ್ತು ಎಂದು ಹೇಳಿ ನಕ್ಕ. ನಗುತ್ತಿರುವಾಗಲೇ ಅವನ ಕಣ್ಣು ತುಂಬಿತ್ತು. ಲಾಯ್ಡ್‌ಗೆ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚಾಯಿತು. ಗೊತ್ತಿಲ್ಲದೆ ಇಳಿದವನು ದೇವರನ್ನಾದರೂ ಬೈಯಬಹುದು. ತನಗೆ ಏನಾಯಿತು ಎಂಬುದು ಲಾಯ್ಡ್‌ಗೆ ಗೊತ್ತಿತ್ತು, ದಿನ ಸಮೇತ, ತಟ್ಟೆಯಲ್ಲಿ ಏನಿತ್ತು ಎಂಬುದು ಸಮೇತ.

ಕೋಟು ಹಾಕಿಕೊಂಡು ಅವನು ಕಾರು ಹತ್ತಿದ. ದಕ್ಷಿಣಕ್ಕೆ ಎರಡೂವರೆ ಗಂಟೆಯ ದಾರಿ, ಇಲಿನಾಯ್‌ನ ತುದಿಯಲ್ಲಿ ಒಹಾಯೋ ನದಿಯ ದಡದ ಮಾರ್ಲೋ ಫೆರಿ ಎಂಬ ಊರು. ಅಲ್ಲಿಯ ಶಾಲೆಯ ಆಟದ ಬಯಲಿಗೆ ಎಮೆಟ್ ಪರ್ವಿಸ್‌ನ ಹೆಸರಿಡುತ್ತಿದ್ದರು. ಎಮೆಟ್ ತೀರಿಕೊಂಡು ಎರಡು ವರ್ಷವಾಗಿತ್ತು. ಕಾಗದ ಬರೆದದ್ದು ಅವನ ಹೆಂಡತಿ ಓಪಲ್, ಮೂರೇ ಸಾಲು. ನೀವು ಬಂದು ನಾಲ್ಕು ಮಾತಾಡಬೇಕು. ಅವರ ಜೊತೆ ಆಡಿದವರಲ್ಲಿ ಜನಕ್ಕೆ ಹೆಸರು ನೆನಪಿರುವುದು ನಿಮ್ಮದೊಂದೇ. ಬರದಿದ್ದರೂ ತಿಳಿಸಿ, ಕುರ್ಚಿ ಹಾಕಿಸಬೇಕು. ಮನೆಯಲ್ಲಿ ಲಾಯ್ಡ್‌ನ ಹೆಂಡತಿ ಜೆನೆಟ್ ಅದನ್ನು ಓದಿ, "ನೋಡಿದ್ರಾ, ಇನ್ನೂ ನೆನಪಿಟ್ಕೊಂಡಿದಾರೆ ನಿಮ್ಮನ್ನ," ಎಂದು ಹಿಗ್ಗಿ ಕೋಟು ತೆಗೆದು ಇಸ್ತ್ರಿಗೆ ಕೂತಿದ್ದಳು. ಇಪ್ಪತ್ತೈದು ವರ್ಷ ಜೊತೆಗೆ ಮಲಗಿ ಎದ್ದ ಹೆಂಡತಿಗೂ ಅವನು ತೋಳು ಎಂದೇ ಹೇಳಿದ್ದ. ಒಂದು ಕಾಲದಲ್ಲಿ ಅವಳು ರಾತ್ರಿ ಹೊತ್ತು ಆ ತೋಳಿಗೆ ಎಣ್ಣೆ ಹಚ್ಚಿ ನೀವುತ್ತಿದ್ದಳು, ಅವನು ಕಣ್ಣು ಮುಚ್ಚಿ ನೋವಾದಂತೆ ಉಸಿರು ಬಿಡುತ್ತಿದ್ದ.

ಜೋಳದ ಹೊಲಗಳು ಎರಡೂ ಬದಿಗೆ ಮಂಡಿಯುದ್ದ ಬೆಳೆದಿದ್ದವು. ಇಪ್ಪತ್ತೆರಡು ವರ್ಷದ ಲಾಯ್ಡ್ ಹಾನೆಕ್ ನೆಬ್ರಾಸ್ಕಾದ ಇಂಥದೇ ಹೊಲದಿಂದ ನೇರ ದೊಡ್ಡ ಕ್ರೀಡಾಂಗಣದಲ್ಲಿ ಎಸೆಯುವವನು ನಿಲ್ಲುವ ದಿಬ್ಬದ ಮೇಲೆ ಬಂದು ನಿಂತಿದ್ದ; ನಲವತ್ತು ಸಾವಿರ ಜನ, ಎದುರಿಗೆ ಬ್ಯಾಟ್ ತಿರುಗಿಸುವ ಅಪರಿಚಿತ, ಅವನ ಹಿಂದೆ ಕುಕ್ಕರುಗಾಲಿನಲ್ಲಿ ಕೂತ ಮೂವತ್ತಾರು ವರ್ಷದ, ಎಸೆದ ಚೆಂಡು ಹಿಡಿಯುವ ಕ್ಯಾಚರ್ ಎಮೆಟ್. ಎಮೆಟ್‌ನ ತೊಡೆಗಳ ನಡುವೆ ಬೆರಳು ಕಾಣಿಸುತ್ತಿತ್ತು, ಯಾವ ಚೆಂಡು ಎಸೆಯಬೇಕೆಂಬ ಸನ್ನೆ. ಒಂದು ಬೆರಳು, ವೇಗದ್ದು. ಎರಡು, ಬಾಗುವುದು. ಆಮೇಲೆ ಗ್ಲೌಸು ಒಳಗೋ ಹೊರಗೋ ಮೇಲೋ ಕೆಳಗೋ ಒಂದು ಕಡೆ ನಿಲ್ಲುತ್ತಿತ್ತು, ಅಲ್ಲಿಗೆ ಎಸೆದರಾಯಿತು. ಲಾಯ್ಡ್ ಎಸೆಯುತ್ತಿದ್ದ. ಆ ಇಡೀ ಬೇಸಿಗೆ ತಾನು ಬ್ಯಾಟ್ ಹಿಡಿದ ಒಬ್ಬನ ಮುಖವನ್ನೂ ನೋಡಿರಲಿಲ್ಲ ಎಂಬುದು ಅವನಿಗೆ ಹೊಳೆದದ್ದು ಮರುವರ್ಷ, ನೋಡಲೇಬೇಕಾಗಿ ಬಂದಾಗ. ಆ ವರ್ಷ ನೋಡಿದ್ದು ಬೆರಳನ್ನು ಮಾತ್ರ. ಉಗುರಿಗೆ ಎಮೆಟ್ ಬಿಳಿ ಬಣ್ಣ ಹಚ್ಚಿಕೊಳ್ಳುತ್ತಿದ್ದ, ಸಂಜೆಯ ನೆರಳಿನಲ್ಲೂ ಹುಡುಗನಿಗೆ ಕಾಣಲಿ ಎಂದು. ಆರನೆಯ ಗೆಲುವಿಗೆ ಪತ್ರಿಕೆಯವರು ಬಂದರು, ಹತ್ತನೆಯದಕ್ಕೆ ಟಿವಿಯವರು. ಹನ್ನೊಂದನೆಯದಾದ ಮೇಲೆ ಊರಿನ ಪತ್ರಿಕೆಯ ಮುದುಕನೊಬ್ಬ ಬರೆದ: ತೋಳು ಹಾನೆಕ್‌ನದು, ತಲೆ ಪರ್ವಿಸ್‌ನದು. ಮರುದಿನದಿಂದ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನ ಹೆಸರೇ ತೋಳು ಎಂದಾಯಿತು. "ಏ ತೋಳು, ಒಬ್ನೇ ಬಂದ್ಯಲ್ಲೋ, ನಿನ್ ತಲೆ ಎಲ್ಲಿ? ಸ್ನಾನಕ್ಕೆ ಹೋಗಿದ್ಯಾ?" ಎನ್ನುತ್ತಿದ್ದರು. ಒಬ್ಬ ಮೂಲೆಯಲ್ಲಿ ಕೂತು ಷೂ ದಾರ ಕಟ್ಟುತ್ತ, "ತೋಳಿಗೆ ಊಟ ಯಾಕ್ರಪ್ಪಾ, ತಲೆ ತಿಂದ್ರೆ ಸಾಕಲ್ಲ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಎಮೆಟ್ ನಗುತ್ತಿರಲಿಲ್ಲ, ಮಂಡಿಗೆ ಮಂಜುಗಡ್ಡೆಯ ಚೀಲ ಕಟ್ಟಿಕೊಂಡು, "ಹುಡುಗನ್ನ ಬಿಡ್ರೋ," ಎನ್ನುತ್ತಿದ್ದ. ಲಾಯ್ಡ್‌ಗೆ ಆ ನಗುವಿಗಿಂತ ಈ ಮಾತೇ ಹೆಚ್ಚು ಚುಚ್ಚುತ್ತಿತ್ತು.

ಆಗಸ್ಟಿನ ಒಂದು ಮಧ್ಯಾಹ್ನ ಅವನು ಬೆರಳಿಗೆ ತಲೆಯಾಡಿಸುವುದನ್ನು ಬಿಟ್ಟ. ಒಂದು ಬೆರಳಿಗೆ ಎರಡರದ್ದನ್ನು ಎಸೆದ, ಹೊರಗೆ ಎಂದರೆ ಒಳಗೆ ಎಸೆದ. ಎರಡೇ ಪಾಳಿಯಲ್ಲಿ ನಾಲ್ಕು ರನ್ ಹೋದವು. ಎಮೆಟ್ ಮುಖದ ಜಾಲರಿ ಎತ್ತಿಕೊಂಡು ನಿಧಾನವಾಗಿ ದಿಬ್ಬ ಹತ್ತಿ ಬಂದ, ಚೆಂಡನ್ನು ತನ್ನ ಅಂಗೈಯಲ್ಲಿ ಉಜ್ಜಿದ.

"ಏನ್ ಮರಿ, ಇವತ್ತು ನನ್ ಬೆರಳು ಕಾಣ್ತಿಲ್ವಾ?"

"ಕಾಣ್ತಿದೆ."

"ಸರಿ. ನಾಲ್ಕು ರನ್ ನಿನ್ನಿಷ್ಟಕ್ಕೆ ಕೊಟ್ಟಾಯ್ತು. ಉಳಿದದ್ದನ್ನ ಇಬ್ರೂ ಸೇರಿ ಆಡೋಣ್ವಾ?"

ಹಂಗಿಸುವ ದನಿಯಾಗಿದ್ದರೆ ಲಾಯ್ಡ್ ಜಗಳ ತೆಗೆಯಬಹುದಿತ್ತು. ಎಮೆಟ್ ನಿಜಕ್ಕೂ ಕೇಳುತ್ತಿದ್ದ, ಅಂಗಡಿಯಲ್ಲಿ ಗಿರಾಕಿಯನ್ನು ಕೇಳುವಂತೆ. ಅಲ್ಲಿಂದ ಮುಂದೆ ಒಂದು ರನ್ನೂ ಹೋಗಲಿಲ್ಲ, ಐದಕ್ಕೆ ನಾಲ್ಕರಲ್ಲಿ ಗೆದ್ದರು, ಎಸೆದವನ ಲೆಕ್ಕಕ್ಕೇ ಸೇರುವ ಗೆಲುವು ಲಾಯ್ಡ್‌ನ ಹೆಸರಿಗೆ ಹೋಯಿತು. ಹದಿನಾಲ್ಕನೆಯದು. ಆವತ್ತು ಸ್ನಾನದ ನೀರಿನ ಕೆಳಗೆ ನಿಂತು ಅವನು ತನ್ನ ಜೀವಮಾನದಲ್ಲೇ ಯಾರನ್ನೂ ದ್ವೇಷಿಸದಷ್ಟು ಆ ಮನುಷ್ಯನನ್ನು ದ್ವೇಷಿಸಿದ. ಕಾರಣ ಕೇಳಿದ್ದರೆ ಹೇಳಲು ಏನೂ ಇರಲಿಲ್ಲ. ಎಮೆಟ್ ಅವನಿಗೆ ಒಂದು ಕೆಟ್ಟ ಮಾತೂ ಆಡಿರಲಿಲ್ಲ. ಪ್ರಯಾಣದ ದಿನಗಳಲ್ಲಿ ಓಪಲ್ ಕಟ್ಟಿಕೊಟ್ಟ ಹುರಿದ ಕೋಳಿಯಲ್ಲಿ ಅರ್ಧ ಅವನಿಗೇ ಕೊಡುತ್ತಿದ್ದ.

ಅಕ್ಟೋಬರಿನಲ್ಲಿ ಬಹುಮಾನ ಬಂತು, ಆ ವರ್ಷದ ಹೊಸಬರಲ್ಲಿ ಅತ್ಯುತ್ತಮ ಎಂದು. ಅದರ ಮುಂದಿನ ವಾರ ಮ್ಯಾನೇಜರ್ ಹಾರ್ಲನ್ ಸ್ಟ್ರೂಬ್ ಅವನನ್ನು ಮಧ್ಯಾಹ್ನದ ಊಟಕ್ಕೆ ಕರೆದ. ಹಂದಿಮಾಂಸದ ತುಂಡು, ಸೇಬಿನ ಗೊಜ್ಜು, ಬೇಯಿಸಿದ ಹುರುಳಿಕಾಯಿ. ಸ್ಟ್ರೂಬ್ ಮಾಂಸ ಕತ್ತರಿಸುತ್ತಲೇ ಹೇಳಿದ: "ಎಮೆಟ್‌ಗೆ ಮೂವತ್ತಾರು. ಮೇಲಿನೋರು ಹೊಸ ಹುಡುಗನ್ನ ತರೋಣ ಅಂತಾರೆ, ಬ್ಯಾಟಿಂಗ್ ಚೆನ್ನಾಗಿದೆಯಂತೆ. ನಂಗೆ ಎಮೆಟ್ ಇನ್ನೊಂದು ವರ್ಷ ಇರ್ಲಿ ಅಂತಿದೆ. ಆಮೇಲೆ ಕೋಚ್ ಮಾಡ್ಕೊಳ್ತೀನಿ, ಅವನಿಗೆ ಮಾತು ಕೊಟ್ಟಿದೀನಿ. ಆದ್ರೆ ಅವನಿಗೆ ಎಸೆಯೋನು ನೀನು. ನೀನು ಬೇಕು ಅಂದ್ರೆ ನಾನು ಮೇಲೆ ಹೋಗಿ ಜಗಳ ಆಡ್ತೀನಿ. ಹೇಳು, ಅವನು ಬೇಕಾ?" ಲಾಯ್ಡ್‌ನ ಬಾಯಲ್ಲಿ ತುತ್ತಿತ್ತು. ಅದನ್ನು ಅವಸರವಿಲ್ಲದೆ ಅಗಿದ, ನುಂಗಿದ, ನೀರು ಕುಡಿದ. ಯೋಚನೆ ಮಾಡಿರಲಿಲ್ಲ ಎಂದು ಅವನು ಆಮೇಲೆ ಎಷ್ಟೋ ವರ್ಷ ತನಗೇ ಹೇಳಿಕೊಂಡ. ಆದರೆ ಒಂದು ತುತ್ತನ್ನು ಅಗಿದು ನುಂಗುವಷ್ಟು ಹೊತ್ತು ಇತ್ತು.

"ನಂಗೆ ಯಾರಾದ್ರೂ ಪರವಾಗಿಲ್ಲ," ಎಂದ.

ಸ್ಟ್ರೂಬ್ ಚಾಕು ಕೆಳಗಿಟ್ಟು ಅವನನ್ನೇ ನೋಡಿದ. ಆಮೇಲೆ ಬಡಿಸುವವಳನ್ನು ಕರೆದು ಇಬ್ಬರಿಗೂ ಸಿಹಿ ಹೇಳಿದ.

ಎಮೆಟ್‌ನನ್ನು ತಂಡ ಮನೆಗೆ ಕಳಿಸಿತು, ಕೋಚ್ ಕೆಲಸವೂ ಸಿಗಲಿಲ್ಲ. ಮುಂದಿನ ವರ್ಷ ಹೊಸ ಕ್ಯಾಚರ್ ಬಂದ, ದಷ್ಟಪುಷ್ಟ ಹುಡುಗ, ಬಹುಮಾನ ಪಡೆದವನ ಎದುರು ಕೂತು, "ನೀವ್ ಹೇಳ್ದಂಗೆ ಸರ್," ಎಂದ. ಲಾಯ್ಡ್‌ಗೆ ಹೇಳಲು ಏನೂ ಗೊತ್ತಿರಲಿಲ್ಲ. ಏಳು ಗೆಲುವು, ಹದಿನಾರು ಸೋಲು. ಅದರ ಮುಂದಿನ ವರ್ಷ ಐದು. ಎರಡನೇ ವರ್ಷ ಎಲ್ಲರಿಗೂ ಹೀಗಾಗುತ್ತದೆ ಎಂದರು, ಮದುವೆ ಆದದ್ದಕ್ಕೆ ಎಂದರು, ಕೊನೆಗೆ ತೋಳು ಎಂದರು. ಅವನು ಆ ಕೊನೆಯದನ್ನು ಕೈಚಾಚಿ ತೆಗೆದುಕೊಂಡ. ಎಪ್ಪತ್ತೆರಡರ ಮೇ ತಿಂಗಳಲ್ಲಿ ಒಮ್ಮೆ, ಸತತ ಆರನೆಯ ಸೋಲಿನ ಮರುದಿನ ಬೆಳಿಗ್ಗೆ, ಹೋಟೆಲಿನಿಂದ ಎಮೆಟ್‌ನ ಮನೆಗೆ ಫೋನು ಮಾಡಿದ್ದ. ಓಪಲ್ ಎತ್ತಿದಳು. ಹಲೋ ಎಂದಳು, ಯಾರು ಎಂದಳು. ಅವಳ ಹಿಂದೆ ಯಾರೋ ತಟ್ಟೆ ಜೋಡಿಸುವ ಸದ್ದು. ಅವನು ಉಸಿರು ಬಿಗಿಹಿಡಿದು ಕೇಳಿಸಿಕೊಂಡು, ಫೋನು ಇಟ್ಟ. ಇಪ್ಪತ್ತೇಳನೇ ವಯಸ್ಸಿಗೆ ತಂಡ ಅವನನ್ನು ಬಿಟ್ಟಿತು.

ಮಾರ್ಲೋ ಫೆರಿಯಲ್ಲಿ ಕಾರು ನಿಲ್ಲಿಸುವಾಗಲೇ ಒಬ್ಬರು ಪಾದ್ರಿ ಓಡಿಬಂದು ಎರಡೂ ಕೈ ಹಿಡಿದರು, ರೆವರೆಂಡ್ ಟಾಲಿವರ್ ಎಂದು ಪರಿಚಯ ಹೇಳಿಕೊಂಡರು. ಬಯಲಿನಲ್ಲಿ ಮುನ್ನೂರು ಜನವಾದರೂ ಇದ್ದರು, ಹೆಚ್ಚಿನವರು ಕಪ್ಪು ಜನ, ಎಲ್ಲರೂ ಚರ್ಚಿಗೆ ಹೋಗುವ ಬಟ್ಟೆಯಲ್ಲಿ. ಮಡಿಸುವ ಕುರ್ಚಿಗಳ ಮೊದಲ ಸಾಲಿನಲ್ಲಿ ಹುಲ್ಲಿನ ಟೋಪಿಯ ತೆಳ್ಳನೆಯ ಮುದುಕಿ, ಕೋಲಿನ ಮೇಲೆ ಎರಡೂ ಕೈ. ಅವಳೇ ಓಪಲ್ ಎಂದು ಗುರುತಾಯಿತು. ಅವಳು ತಲೆ ಬಾಗಿಸಿದಳು, ಎದ್ದು ಬರಲಿಲ್ಲ. ಎಮೆಟ್ ಇಲ್ಲಿ ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿ, ಸಂಜೆ ಮಕ್ಕಳಿಗೆ ಆಟ ಕಲಿಸಿದ್ದನೆಂದು ಪಾದ್ರಿ ಭಾಷಣದಲ್ಲಿ ಹೇಳುತ್ತಿದ್ದರು. ಒಂದು ಸಂಬಳ ಬಸ್ಸಿಗೆ, ಕಲಿಸಿದ್ದು ಪುಕ್ಕಟೆ ಎಂದಾಗ ಜನ ನಕ್ಕು ಹೂಂಗುಟ್ಟಿದರು. ಲಾಯ್ಡ್ ವೇದಿಕೆಯ ಮೇಲೆ ಕೂತು ಜೇಬಿನ ಹಾಳೆಗಳನ್ನು ಮುಟ್ಟಿಕೊಂಡ. ಎರಡು ವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬರೆದದ್ದು. ಮೊದಲ ಹಾಳೆಯಲ್ಲಿ, ಆ ಇಪ್ಪತ್ತೊಂದು ಗೆಲುವು ನನ್ನದಲ್ಲ, ಎಮೆಟ್‌ನದು. ಎರಡನೆಯದರಲ್ಲಿ ಹಂದಿಮಾಂಸದ ಊಟ, ಸ್ಟ್ರೂಬ್ ಕೇಳಿದ್ದು, ತಾನು ಹೇಳಿದ ಮೂರು ಶಬ್ದ. ಬರೆದ ದಿನದಿಂದ ಅವನಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ಇವತ್ತು ಈ ಜನ ಎದ್ದು ನಿಂತು ಬೈಯಲಿ, ಕುರ್ಚಿ ಎಸೆಯಲಿ. ಅದನ್ನೂ ಅವನು ಕಲ್ಪಿಸಿಕೊಂಡಿದ್ದ, ಕಲ್ಪನೆಯಲ್ಲಿ ಆ ಬೈಗುಳ ಹಿತವಾಗಿಯೇ ಇತ್ತು.

ಮೈಕಿನ ಮುಂದೆ ನಿಂತು ಮೊದಲ ಹಾಳೆ ಓದಿದ. "ಬಹುಮಾನ ನನ್ನ ಮನೆಯಲ್ಲಿದೆ. ಆದರೆ ಅದನ್ನು ಗೆದ್ದದ್ದು ಆ ಬೆರಳು. ನಾನು ಎಸೆದವನು ಅಷ್ಟೆ," ಎಂಬಲ್ಲಿಗೆ ಹಾಳೆ ಮುಗಿಯಿತು. ಎಲ್ಲೋ ಹಿಂದಿನಿಂದ ಒಬ್ಬ ಮುದುಕ, "ದೊಡ್ಡ ಮನಸ್ಸಪ್ಪಾ ನಿಂದು," ಎಂದು ಕೂಗಿದ. ಚಪ್ಪಾಳೆ ಶುರುವಾಯಿತು. ಕುರ್ಚಿಗಳು ಹಿಂದೆ ಸರಿದವು, ಜನ ಎದ್ದು ನಿಂತರು, ಹೆಂಗಸರು ಕರವಸ್ತ್ರ ತೆಗೆದರು. ಚಪ್ಪಾಳೆ ಅವನ ಎದೆಗೆ ಬಂದು ಬಡಿಯಿತು. ಇಪ್ಪತ್ತೇಳು ವರ್ಷಗಳಿಂದ ಅವನು ಇದನ್ನು ಕೇಳಿರಲಿಲ್ಲ. ಇಷ್ಟು ಹಸಿದಿದ್ದೆ ಎಂಬುದೂ ಗೊತ್ತಿರಲಿಲ್ಲ. ಮೈ ಬೆಚ್ಚಗಾಯಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಎರಡನೇ ಹಾಳೆ ಕೈಯಲ್ಲೇ ಇತ್ತು. ಇದು ನಿಲ್ಲಲಿ, ನಿಂತ ಮೇಲೆ ಓದುತ್ತೇನೆ ಎಂದುಕೊಂಡ. ನಿಲ್ಲುತ್ತ ಬಂದಾಗ, ಇನ್ನು ಇದನ್ನು ಓದಿ ಈ ಜನರ ಸಂತೋಷ ಯಾಕೆ ಕೆಡಿಸಲಿ ಎನ್ನಿಸಿತು. ಇವತ್ತು ಎಮೆಟ್‌ನ ದಿನ ಎನ್ನಿಸಿತು. ಅಂಥ ಒಳ್ಳೆಯ ಕಾರಣಗಳು ಒಂದರ ಹಿಂದೊಂದು ತಾವಾಗಿ ಬಂದವು. ಹಾಳೆಯನ್ನು ನಾಲ್ಕಾಗಿ ಮಡಿಸಿ, ಕೈ ಮೇಲೆತ್ತಿ ಜನರಿಗೆ ಬೀಸಿದ. ಹಳೆಯ ಕಾಲದಲ್ಲಿ ಟೋಪಿ ಬೀಸುತ್ತಿದ್ದಂತೆಯೇ ಬೀಸಿದ. ಇನ್ನೊಂದು ಸುತ್ತು ಚಪ್ಪಾಳೆ ಬಿತ್ತು.

ಊಟಕ್ಕೆ ಕರಿದ ಮೀನು, ಆಲೂಗಡ್ಡೆ ಸಲಾಡು, ನಿಂಬೆ ಹಾಕಿದ ಕೇಕು. ಮರದ ಕೆಳಗೆ ಲಾಯ್ಡ್‌ಗೊಂದು ಮೇಜು ಹಾಕಿದ್ದರು. ಎಮೆಟ್‌ನ ಹೆಸರೂ ತಾರೀಖೂ ಅಚ್ಚು ಹಾಕಿಸಿದ ಚೆಂಡುಗಳ ಪೆಟ್ಟಿಗೆ, ಪಕ್ಕದಲ್ಲಿ ಪೆನ್ನು. ಬಂದವರಿಗೆಲ್ಲ ಒಂದೊಂದು ಚೆಂಡು ಹಂಚುತ್ತಿದ್ದರು, ಎಲ್ಲರಿಗೂ ಅದರ ಮೇಲೆ ಲಾಯ್ಡ್‌ನ ಸಹಿ ಬೇಕಿತ್ತು. ಸಾಲು ಬೆಳೆಯಿತು. ಎಮೆಟ್‌ನ ಹೆಸರಿನ ಕೆಳಗೆ ಅವನು ತನ್ನ ಹೆಸರು ಬರೆಯುತ್ತ ಹೋದ, ಎಲ್‌ನ ಬಾಲವನ್ನು ಹಳೆಯ ಹಾಗೆ ಉದ್ದಕ್ಕೆ ಎಳೆದು. "ನಿಮ್ಮಂಥೋರು ಈಗೆಲ್ಲಿದಾರೆ ಸರ್," ಎಂದ ಒಬ್ಬ. ಲಾಯ್ಡ್ ತಲೆಯಾಡಿಸಿದ. ಬಾಯಲ್ಲಿ ಕೇಕಿನ ನಿಂಬೆಹುಳಿ ಇತ್ತು. ಆಗ ಸಾಲು ಇದ್ದಕ್ಕಿದ್ದಂತೆ ಎರಡಾಗಿ ದಾರಿ ಬಿಟ್ಟಿತು. ಓಪಲ್ ಕೋಲೂರಿಕೊಂಡು ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಜನ ಮರ್ಯಾದೆಗೆ ನಾಲ್ಕು ಹೆಜ್ಜೆ ಹಿಂದೆ ಸರಿದರು.

"ಎರಡನೇ ಹಾಳೇಲಿ ಏನಿತ್ತು, ಮಿಸ್ಟರ್ ಹಾನೆಕ್?"

"ಏನಿಲ್ಲ ಮೇಡಂ. ಅದನ್ನೇ ಇನ್ನೊಂಚೂರು..."

"ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ನೀವು ಮಡಿಸಿದ್ದು ನೋಡ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮೆಲ್ಲನೆ, ಬೇರೆಯವರಿಗೆ ಕೇಳದಷ್ಟು ಮೆಲ್ಲನೆ ಆಡುತ್ತಿದ್ದಳು. "ಉಳಿದದ್ದನ್ನ ಹೇಳ್ತೀರಿ ಅಂತ ಕಾಯ್ತಿದ್ದೆ."

ಲಾಯ್ಡ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ.

"ಸ್ಟ್ರೂಬ್ ನಮ್ಮನೆಗೆ ಬಂದಿದ್ರು. ಆ ನವೆಂಬರಲ್ಲಿ. ಫೋನಲ್ಲಿ ಹೇಳೋಕೆ ಮನಸ್ಸಾಗ್ಲಿಲ್ಲ ಅಂತ ಅಷ್ಟು ದೂರ ಕಾರು ಹೊಡ್ಕೊಂಡು ಬಂದ್ರು. ಹುಡುಗನ್ನ ಕೇಳ್ದೆ ಎಮೆಟ್, ಅವನು ಹಿಂಗಂದ ಅಂದ್ರು. ನಾನು ಒಲೆ ಮುಂದೆ ನಿಂತಿದ್ದೆ."

"ಎಮೆಟ್ ಏನಂದ್ರು?"

"ಏನನ್ಲಿ. ಇನ್ನೊಂಚೂರು ಕಾಫಿ ಹಾಕ್ಲಾ ಅಂತ ಸ್ಟ್ರೂಬ್‌ನ ಕೇಳಿದ್ರು." ಅವಳು ಕೋಲಿನ ತುದಿಯಿಂದ ಹುಲ್ಲಿನಲ್ಲಿ ಬಿದ್ದಿದ್ದ ಕಾಗದದ ತಟ್ಟೆಯೊಂದನ್ನು ಪಕ್ಕಕ್ಕೆ ತಳ್ಳಿದಳು. "ಮುಂದಿನ ಬೇಸಿಗೆ ಪೂರ್ತಿ ನೀವು ಆಡೋ ದಿನ ರೇಡಿಯೋ ಮುಂದೆ ಕೂರೋರು. ಬಸ್ ಬಿಟ್ಟು ಬಂದು, ಬೂಟೂ ಬಿಚ್ತಿರ್ಲಿಲ್ಲ. ಒಬ್ಬೊಬ್ಬ ಬ್ಯಾಟ್ ಹಿಡ್ಕೊಂಡು ಬಂದಾಗ್ಲೂ ಹಿಂಗೆ ತೊಡೆ ಮಧ್ಯ ಬೆರಳಿಟ್ಟು ಸನ್ನೆ ಮಾಡೋರು. ಅಡುಗೆಮನೇಲಿ, ಕುರ್ಚಿ ಮೇಲೆ. ನೀವು ಇನ್ನೇನೋ ಎಸೀತಿದ್ರಿ. ನೀವು ಸೋತಾಗ ನಂಗೆ ಖುಷಿ. ದೇವರಾಣೆ ಹೇಳ್ತೀನಿ, ಒಳ್ಳೇ ಖುಷಿ. ಅವರಿಗೆ ಊಟ ಸೇರ್ತಿರ್ಲಿಲ್ಲ. ಅದಕ್ಕೆ ನಂಗೆ ಅವರ ಮೇಲೂ ಸಿಟ್ಟು ಬರೋದು."

"ತಪ್ಪಾಯ್ತು ಮೇಡಂ. ನಾನು..."

"ಅದನ್ನ ಕೇಳೋಕೆ ಕರೆದಿಲ್ಲ ನಾನು."

"ಮತ್ಯಾಕೆ ಕರೆದ್ರಿ?"

ಓಪಲ್ ಅವನ ಕಡೆ ಮೊದಲ ಸಲ ಪೂರ್ತಿ ತಿರುಗಿದಳು. "ಅವರು ಇದ್ದಾಗ್ಲೇ ಎರಡು ಸಲ ಕೇಳಿದ್ದೆ, ಆ ಮನುಷ್ಯನ್ನ ಕರೆಸಿ ಅಂತ. ಬೇಡ ಕಣೇ, ಅವನಿಗೆ ಮುಜುಗರ ಆಗುತ್ತೆ ಅಂದ್ರು. ನಿಮ್ಗೆ. ನಿಮ್ಗೆ ಮುಜುಗರ ಆಗುತ್ತೆ ಅಂತ ಇಪ್ಪತ್ತು ವರ್ಷ ಬಾಯಿ ಬಿಡ್ಲಿಲ್ಲ, ಈ ಊರಲ್ಲಿ ಒಬ್ಬರಿಗೂ ಹೇಳ್ಲಿಲ್ಲ. ಈಗ ಅವರಿಲ್ಲ. ನಿಮ್ಗೆ ಮುಜುಗರ ಆದ್ರೆ ನಂಗೇನೂ ತೊಂದ್ರೆ ಇಲ್ಲ."

ಅವಳು ಪೆಟ್ಟಿಗೆಯಿಂದ ಒಂದು ಚೆಂಡು ತೆಗೆದು ಅವನ ಮುಂದೆ ಇಟ್ಟಳು. "ಆವತ್ತು ಸ್ಟ್ರೂಬ್‌ಗೆ ಏನಂದ್ರೋ ಅದನ್ನ ಬರೀರಿ. ಕೆಳಗೆ ಹೆಸರು ಹಾಕಿ."

ಬೇಡ ಎನ್ನಬಹುದಿತ್ತು. ಎದ್ದು ಕಾರಿನ ಕಡೆ ಹೋಗಬಹುದಿತ್ತು. ಅರವತ್ತು ದಾಟಿದ ಹೆಂಗಸು ಹಿಂದೆ ಓಡಿ ಬರುತ್ತಿರಲಿಲ್ಲ. ಆದರೆ ನಾಲ್ಕು ಹೆಜ್ಜೆ ಆಚೆ ಸಾಲು ನಿಂತಿತ್ತು, ಎಲ್ಲರ ಮುಖದಲ್ಲೂ ಆ ಚಪ್ಪಾಳೆಯ ಬಿಸುಪು ಇನ್ನೂ ಇತ್ತು, ಅವರ ಎದುರಿಗೆ ಎದ್ದು ಹೋಗುವುದು ಅವನಿಂದಾಗಲಿಲ್ಲ. ಆ ಹೆದರಿಕೆಯಿಂದಲೇ ಅವನು ಬರೆದ. ಚೆಂಡು ಗುಂಡಗೆ, ಅಕ್ಷರ ಹಿಡಿಸುತ್ತಿರಲಿಲ್ಲ. ನಂಗೆ ಯಾರಾದ್ರೂ ಪರವಾಗಿಲ್ಲ. ಲಾಯ್ಡ್ ಹಾನೆಕ್. ಅಕ್ಟೋಬರ್ 1971. ಓಪಲ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು, ಶಾಯಿಯ ಮೇಲೆ ಬಾಯಿಂದ ಗಾಳಿ ಊದಿದಳು.

"ಶಾಲೇಲಿ ಗಾಜಿನ ಪೆಟ್ಟಿಗೆ ಮಾಡ್ಸಿದಾರೆ. ಅವರ ಗ್ಲೌಸು ಇಡ್ತಾರೆ. ಇದೂ ಅಲ್ಲೇ ಇರ್ಲಿ."

"ಯಾರಿಗೂ ಅರ್ಥ ಆಗಲ್ಲ ಅದು," ಎಂದ ಲಾಯ್ಡ್. ಅವನ ದನಿಯಲ್ಲಿ ಆಸೆ ಇತ್ತು, ಅದು ಅವನಿಗೇ ಕೇಳಿಸಿತು.

"ಕೇಳಿದೋರಿಗೆ ನಾನು ಹೇಳ್ತೀನಿ. ನಾನು ಹೋದ್ಮೇಲೆ ನೀವು ಹೇಳಿ." ಚೆಂಡನ್ನು ಕೈಚೀಲದಲ್ಲಿ ಹಾಕಿ, ಕೊಂಡಿ ಒತ್ತಿ, ಅವಳು ಎದ್ದಳು. ಪಾದ್ರಿ ಓಡಿಬಂದು ತೋಳು ಕೊಟ್ಟರು. ಇಬ್ಬರೂ ಬಯಲಿನ ಅಂಚು ಹಿಡಿದು ನಡೆದರು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ಸಾಲು ಮತ್ತೆ ಮುಂದೆ ಬಂತು. ಮೊದಲಿಗೆ ಮೂವತ್ತರ ಆಸುಪಾಸಿನ ಅಗಲ ಭುಜದ ಮನುಷ್ಯ, ಕೊರಳಪಟ್ಟಿ ಸಡಿಲ ಮಾಡಿಕೊಂಡಿದ್ದ. ಚೆಂಡು ಚಾಚುತ್ತ, "ರೂಬೆನ್ ಕೇಟ್ಸ್ ಸರ್," ಎಂದ. "ನಾನೂ ಕ್ಯಾಚರ್ರೇ. ಕೂರೋದು ಹೆಂಗೆ ಅಂತ ಎಮೆಟ್ ಸರ್ ಕಲಿಸಿದ್ದು, ನಂಗೆ ಒಂಬತ್ತು ವರ್ಷ ಆಗಿದ್ದಾಗ. ನಮ್ಮಪ್ಪ ಇರ್ಲಿಲ್ಲ. ಮಿಸ್ ಓಪಲ್‌ಗೆ ಏನೋ ಉದ್ದಕ್ಕೆ ಬರ್ಕೊಟ್ರಲ್ಲ, ನಂಗೂ ಅದನ್ನೇ ಬರೀರಿ."

"ಅದು ಅವರಿಗೆ ಮಾತ್ರ."

"ಪರವಾಗಿಲ್ಲ ಸರ್, ಎಮೆಟ್ ಸರ್ ವಿಷ್ಯ ತಾನೇ? ನಂಗೂ ಇರ್ಲಿ."

ಲಾಯ್ಡ್ ಬಯಲಿನ ಅಂಚಿನ ಕಡೆ ನೋಡಿದ. ಹುಲ್ಲಿನ ಟೋಪಿ ಶಾಲೆಯ ಬಾಗಿಲಲ್ಲಿ ಮರೆಯಾಗಿತ್ತು. ಈಗ ಇಲ್ಲಿ ಬರೀ ಹೆಸರು ಬರೆದು ಕಳಿಸಿದರೆ ಕೇಳುವವರು ಯಾರೂ ಇರಲಿಲ್ಲ. ಕೈ ಚೆಂಡಿನ ಮೇಲೆ ಹೋಯಿತು, ಪೆನ್ನು ಮುಟ್ಟಿತು, ಮತ್ತು ಎಲ್ ಬರೆಯುವ ಬದಲು ಆ ಮೂರು ಶಬ್ದ ಬರೆಯಿತು. ಧೈರ್ಯ ಎನ್ನುವಂಥದ್ದೇನೂ ಅವನಿಗೆ ಅನಿಸಲಿಲ್ಲ.

ರೂಬೆನ್ ಓದಿ, ಹುಬ್ಬು ಗಂಟಿಕ್ಕಿ, ನಕ್ಕ. "ಏನ್ ಸರ್ ಇದು? ಯಾರಾದ್ರೂ ಪರವಾಗಿಲ್ಲ ಅಂದ್ರೆ?"

ಲಾಯ್ಡ್ ಹೇಳಿದ. ತಲೆ ಎತ್ತದೆ, ಮೇಜಿನ ಬಟ್ಟೆಯ ಮೇಲಿನ ಎಣ್ಣೆಕಲೆ ನೋಡುತ್ತ, ಊಟದ ತಟ್ಟೆಯಿಂದ ಶುರುಮಾಡಿ ಹೇಳಿದ. ಹತ್ತಿರ ಇದ್ದವರಿಗೂ ಕೇಳಿಸುತ್ತಿತ್ತು. ಬಹಳ ಹೊತ್ತೇನೂ ಬೇಕಾಗಲಿಲ್ಲ. ಇಪ್ಪತ್ತೇಳು ವರ್ಷ ಹೊತ್ತದ್ದು ಹೇಳಿದರೆ ಎರಡು ನಿಮಿಷದ ಮಾತು, ಅದೂ ಅವನಿಗೆ ಅವಮಾನವೆನ್ನಿಸಿತು. ಮುಗಿಸಿದಾಗ ಯಾರೂ ಬೈಯಲಿಲ್ಲ. ಅವನು ಕಾದ.

"ಅವರು ನಮಗೆಲ್ಲ ನಿಮ್ ಕಥೆ ಹೇಳೋರು," ಎಂದ ರೂಬೆನ್. "ಎಸೆದ್ರೆ ಹಾನೆಕ್ ಥರ ಎಸೀಬೇಕು ಅಂತ." ಅವನು ಚೆಂಡನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಆಮೇಲೆ ಅದನ್ನು ಮೇಜಿನ ಮೇಲೆ, ಉರುಳದ ಹಾಗೆ ಎರಡು ಬೆರಳಿನಿಂದ ಒತ್ತಿ ಇಟ್ಟು, ಕುರ್ಚಿಗಳನ್ನು ಮಡಿಸುತ್ತಿದ್ದವರ ಕಡೆ ನಡೆದ.

ಲಾಯ್ಡ್ ಪೆನ್ನು ಹಿಡಿದು ತಲೆ ಎತ್ತಿದ. ಸಾಲಿನಲ್ಲಿ ಮುಂದಿದ್ದ ಹೆಂಗಸು ತನ್ನ ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದಳು. ಅವಳು ಮುಂದೆ ಬರಲಿಲ್ಲ.